ಹವೆ ಒಣಗಿದಾಗ ಮೈಗೆ ಅಂಟುವ ಬಟ್ಟೆ

ಹವೆ ಒಣಗಿದೆ ಅನ್ನುವುದನ್ನು ನನಗೆ ಮೊದಲು ತಿಳಿಸುವುದು ನನ್ನ ಕಪ್ಪು ಕ್ರೇಪ್ ಕುರ್ತಾ. ಉಳಿದ ದಿನಗಳಲ್ಲಿ ಚೆಂದವಾಗಿ ಇಳಿಬೀಳುವ ಬಟ್ಟೆ ಅದು. ಒಣ ಹವೆಯ ದಿನ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತೊಡೆಗೆ ಮೆತ್ತಿಕೊಳ್ಳುತ್ತದೆ. ಬಿಡಿಸಿದರೆ ಮತ್ತೆ ಬಂದು ಅಂಟುತ್ತದೆ. ಬಿಡಿಸಿದಷ್ಟೂ ಜಾಸ್ತಿ ಅಂಟುತ್ತದೆ. ಅಂಥ ದಿನ ಸ್ವೆಟರ್ ತೆಗೆದರೆ ಚಟಪಟ ಸದ್ದು, ಕೂದಲೆಲ್ಲ ಎದ್ದು ನಿಲ್ಲುತ್ತದೆ. ಬಾಗಿಲ ಹಿಡಿಕೆ ಮುಟ್ಟಿದರೆ ಬೆರಳ ತುದಿಗೆ ಚುರ್ ಅಂತ ಶಾಕ್.

ನನ್ನ ಮತ್ತು ಮಗಳ ಬಟ್ಟೆಗಳನ್ನು ನಾನೇ ಹೊಲಿಯುತ್ತೇನೆ. ಬಟ್ಟೆ ಮೈಮೇಲೆ ಹೇಗೆ ಕೂರುತ್ತದೆ, ನಡೆಯುವಾಗ ಅಂಚು ಹೇಗೆ ಆಡುತ್ತದೆ ಅನ್ನುವುದು ನನಗೆ ತುಂಬಾ ಮುಖ್ಯ. ಅಳತೆ ತೆಗೆದು, ಕತ್ತರಿಸಿ, ಹೊಲಿದು, ಅಂಚು ಮಡಚಿ ಮುಗಿಸಿದ ಬಟ್ಟೆ ಒಣ ಹವೆಗೆ ಕಾಲಿಗೆ ಸುತ್ತಿಕೊಂಡರೆ ಬೇಸರ ಆಗುತ್ತದೆ. ಜೊತೆಗೆ ಮುಜುಗರ ಬೇರೆ. ನಾಲ್ಕು ಜನರ ಮುಂದೆ ನಿಂತು ಮಾತಾಡುವಾಗ ಲಂಗ ಎಳೆದುಕೊಳ್ಳುತ್ತಾ ಇರಬೇಕಾಗುವುದು ಯಾರಿಗೂ ಬೇಡ. ಹಾಗಾಗಿ ಇದು ಯಾಕೆ ಆಗುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅಂತ ಓದಿಕೊಂಡು, ಮಾಡಿ ನೋಡಿಕೊಂಡು ಬಂದಿದ್ದೇನೆ. ನನಗೆ ಅರ್ಥವಾಗಿರುವುದು ಇಷ್ಟು: ಬಟ್ಟೆಗೂ ಚರ್ಮಕ್ಕೂ ಕೋಣೆಯ ಗಾಳಿಗೂ ನೀರಿನ ಪಸೆ ಕಮ್ಮಿಯಾಗಿದೆ. ಅದನ್ನು ವಾಪಸ್ ಕೊಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಇನ್ನು ಕಾಲು ಭಾಗ, ಯಾವ ಬಟ್ಟೆಯ ಮೇಲೆ ಯಾವ ಬಟ್ಟೆ ಹಾಕುತ್ತೇವೆ ಅನ್ನುವುದರಲ್ಲಿದೆ.

ಮೊದಲು ಯಾಕೆ ಅಂತ ನೋಡೋಣ. ಬೇರೆ ಬೇರೆ ಜಾತಿಯ ಎರಡು ವಸ್ತುಗಳು ಒಂದಕ್ಕೊಂದು ತಾಗಿ ಬೇರೆಯಾದಾಗ ಒಂದರ ಮೇಲಿನ ಚಾರ್ಜ್ ಸ್ವಲ್ಪ ಇನ್ನೊಂದಕ್ಕೆ ಹೋಗುತ್ತದೆ. ಒಂದು ಪಾಸಿಟಿವ್ ಆಗುತ್ತದೆ, ಇನ್ನೊಂದು ನೆಗೆಟಿವ್ ಆಗುತ್ತದೆ. ತಿಕ್ಕಿದರೆ ಇದು ಜಾಸ್ತಿ, ಯಾಕಂದರೆ ತಿಕ್ಕುವಾಗ ತಾಗುವುದು, ಬಿಡುವುದು ಸಾವಿರ ಜಾಗದಲ್ಲಿ ಒಟ್ಟಿಗೆ ನಡೆಯುತ್ತದೆ. ನಡೆಯುವಾಗ ಲಂಗ ಕಾಲಿಗೆ ತಾಗಿ ಬಿಡುವುದು ಇದೇ ತಾನೇ. ಲೋಹದ ಮೇಲಾದರೆ ಆ ಚಾರ್ಜ್ ಹರಿದು ಹೋಗುತ್ತಿತ್ತು. ಪಾಲಿಯೆಸ್ಟರ್ ಮೇಲೆ ಹರಿಯುವ ದಾರಿಯೇ ಇಲ್ಲ, ಹುಟ್ಟಿದ ಜಾಗದಲ್ಲೇ ಕೂತಿರುತ್ತದೆ. ಅದಕ್ಕೇ ಇದನ್ನು ಸ್ಥಿರ ವಿದ್ಯುತ್ ಅನ್ನುವುದು.

ಚರ್ಮದ ಮೇಲೆ ಅಷ್ಟೇನೂ ಚಾರ್ಜ್ ಇಲ್ಲದಿದ್ದರೂ ಬಟ್ಟೆ ಯಾಕೆ ಬಂದು ಅಂಟುತ್ತದೆ ಅನ್ನುವ ಪ್ರಶ್ನೆ ನನಗೆ ತುಂಬಾ ದಿನ ಇತ್ತು. ಉತ್ತರ ಸರಳ. ನಮ್ಮ ಮೈ ವಿದ್ಯುತ್ ಹರಿಯಬಲ್ಲ ವಸ್ತು. ನೆಗೆಟಿವ್ ಚಾರ್ಜ್ ಇರುವ ಬಟ್ಟೆ ಹತ್ತಿರ ಬಂದರೆ ಚರ್ಮದ ಆ ಭಾಗದಲ್ಲಿ ಪಾಸಿಟಿವ್ ಚಾರ್ಜ್ ಬಂದು ಸೇರಿಕೊಳ್ಳುತ್ತದೆ. ಎರಡೂ ಎಳೆದಾಡಿ ಅಂಟುತ್ತವೆ. ತೆಳ್ಳನೆಯ ಬಟ್ಟೆ ಹಗುರ, ಈ ಸಣ್ಣ ಎಳೆತಕ್ಕೂ ಬಾಗಿಬಿಡುತ್ತದೆ. ದಪ್ಪ ಜೀನ್ಸ್ ಮೇಲೂ ಒಂದಿಷ್ಟು ಚಾರ್ಜ್ ಹುಟ್ಟಬಹುದು, ಆದರೆ ಅದರ ಭಾರವನ್ನು ಎಳೆದು ಅಂಟಿಸುವಷ್ಟು ಬಲ ಇರುವುದಿಲ್ಲ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಹಳೆಯ ಸಂಗತಿ ಇದೆ. ರಾಬರ್ಟ್ ಸಿಮ್ಮರ್ ಅಂತ ಒಬ್ಬರು ಲಂಡನ್ನಿನಲ್ಲಿದ್ದರು. ಸಂಜೆ ಕಾಲುಚೀಲ ತೆಗೆಯುವಾಗ ಚಟಚಟ ಅನ್ನುವುದನ್ನು, ಕತ್ತಲಲ್ಲಿ ಕಿಡಿ ಹಾರುವುದನ್ನು ಗಮನಿಸಿದರು. ಎಲ್ಲರೂ ನೋಡಿ ಬಿಟ್ಟುಬಿಡುವ ವಿಷಯ, ಅಲ್ವಾ? ಅವರು ಬಿಡಲಿಲ್ಲ. ಒಂದೇ ಕಾಲಿಗೆ ಬಿಳಿ ರೇಷ್ಮೆ ಕಾಲುಚೀಲದ ಜೊತೆಗೆ ಕಪ್ಪು ರೇಷ್ಮೆ ಕಾಲುಚೀಲ ಹಾಕಿಕೊಂಡು, ಆಮೇಲೆ ತೆಗೆದು ಬೇರೆ ಮಾಡಿ ನೋಡಿದರು. ಎರಡೂ ಒಟ್ಟಿಗೆ ಇದ್ದಾಗ ಏನೂ ಇಲ್ಲ. ಬೇರೆ ಮಾಡಿದ ಕೂಡಲೇ ಒಂದೊಂದೂ ಒಳಗೆ ಕಾಲು ಇರುವ ಹಾಗೆ ಉಬ್ಬಿ ನಿಂತಿತು. ಕಪ್ಪನ್ನು ಬಿಳಿಯ ಹತ್ತಿರ ತಂದರೆ ಒಂದಕ್ಕೊಂದು ಹಾರಿ ಅಂಟಿಕೊಂಡವು. ಕಪ್ಪಿಗೆ ಕಪ್ಪು ಹಿಡಿದರೆ ದೂರ ಸರಿದವು. ಇದನ್ನೆಲ್ಲ ಬರೆದು 1759ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದ ಮುಂದಿಟ್ಟರು. ವಿದ್ಯುತ್ತಿನಲ್ಲಿ ಎರಡು ಬಗೆ ಇದೆ ಅನ್ನುವ ವಾದಕ್ಕೆ ಅವರು ಕೊಟ್ಟ ಸಾಕ್ಷಿ ಈ ಕಾಲುಚೀಲಗಳು.

ಕಾಲುಚೀಲ ಉಬ್ಬಿದ್ದು ಯಾಕೆ ಅಂತ ಯೋಚಿಸಿ. ಅದರ ಎಲ್ಲ ಎಳೆಗಳಿಗೂ ಒಂದೇ ಜಾತಿಯ ಚಾರ್ಜ್ ಬಂದಿದೆ. ಒಂದೇ ಜಾತಿಯವು ಒಂದನ್ನೊಂದು ದೂಡುತ್ತವೆ. ನನ್ನ ಮಗಳ ಸ್ವೆಟರ್ ತೆಗೆದಾಗ ಅವಳ ಕೂದಲು ಎದ್ದು ನಿಲ್ಲುವುದೂ ಇದೇ ಕಾರಣಕ್ಕೆ. ಪ್ರತಿ ಕೂದಲೂ ಪಕ್ಕದ ಕೂದಲಿನಿಂದ ದೂರ ಹೋಗಲು ನೋಡುತ್ತದೆ. ಈ ವಿಷಯ ಅವಳಿಗೆ ಹೇಳಿದಾಗಿನಿಂದ ಸ್ವೆಟರ್ ತೆಗೆಯುವ ಮುಂಚೆ ಕನ್ನಡಿ ಮುಂದೆ ಹೋಗಿ ನಿಲ್ಲುತ್ತಾಳೆ. ದೀಪ ಆರಿಸಿ ತೆಗೆಯೋಣ ಅಂತಲೂ ಹಠ ಮಾಡುತ್ತಾಳೆ. ಆ ನೀಲಿ ಕಿಡಿಗಳನ್ನು ನೋಡಲು ನನಗೂ ಆಸೆಯೇ.

ಇನ್ನು ನೀರಿನ ವಿಷಯ. ನೂಲಿನ ಜಾತಿಗೆ ತಕ್ಕ ಹಾಗೆ ಅದು ಗಾಳಿಯಿಂದ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ನಮ್ಮ ಕೈಗೆ ಒಣಗಿದೆ ಅನ್ನಿಸುವ ಹತ್ತಿ ಬಟ್ಟೆಯೊಳಗೂ ನೀರಿದೆ. 20 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 65 ತೇವಾಂಶ ಇರುವ ಗಾಳಿಯಲ್ಲಿ 100 ಗ್ರಾಂ ಹತ್ತಿ ಸುಮಾರು 7ರಿಂದ 8 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ರೇಷ್ಮೆ ಸುಮಾರು 11 ಗ್ರಾಂ. ಉಣ್ಣೆ 14ಕ್ಕೂ ಹೆಚ್ಚು. ನೈಲಾನ್ ಬರೀ 4 ಗ್ರಾಂ ಆಸುಪಾಸು. ಅಕ್ರಿಲಿಕ್ 1ರಿಂದ 2. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ, ಸುಮಾರು 0.4. ಈ ಒಂದು ಸಾಲು ಅಂಕಿಗಳಲ್ಲೇ ನನ್ನ ಬೀರುವಿನ ಎಲ್ಲ ಕಷ್ಟದ ವಿವರ ಇದೆ ಅನ್ನಿಸುತ್ತದೆ ನನಗೆ.

ನೀರು ಇದ್ದರೆ ಚಾರ್ಜ್ ಬಟ್ಟೆಯ ಮೇಲೆ ನಿಲ್ಲುವುದಿಲ್ಲ, ತೂತು ಕೊಡದಲ್ಲಿ ನೀರು ನಿಲ್ಲದ ಹಾಗೆ. ಹುಟ್ಟುತ್ತಲೇ ಇರುತ್ತದೆ, ಸೋರಿ ಹೋಗುತ್ತಲೇ ಇರುತ್ತದೆ. ಹತ್ತಿ ಬಟ್ಟೆ ನಮಗೆ ತೊಂದರೆ ಕೊಡದಿರುವುದು ಇದೇ ಕಾರಣಕ್ಕೆ. ಆದರೆ ಹವೆ ತೀರಾ ಒಣಗಿದರೆ ಹತ್ತಿಯೂ ತನ್ನ ನೀರು ಬಿಟ್ಟುಕೊಡುತ್ತದೆ. ಉಣ್ಣೆ, ರೇಷ್ಮೆ ಕೂಡ. ಸಾಮಾನ್ಯ ದಿನಗಳಲ್ಲಿ ತೆಪ್ಪಗಿರುವ ಉಣ್ಣೆ ಶಾಲು ಒಣ ಹವೆಯಲ್ಲಿ ಚಟಗುಟ್ಟುವುದು ಅದಕ್ಕೇ. ತೇವಾಂಶ ಸುಮಾರು ಶೇಕಡ 40ಕ್ಕಿಂತ ಕೆಳಗೆ ಇಳಿದರೆ ಈ ಕಾಟ ಶುರುವಾಗುತ್ತದೆ. 20ಕ್ಕಿಂತ ಕೆಳಗೆ ಹೋದರೆ ಏನು ಮುಟ್ಟಿದರೂ ಶಾಕ್.

ಚಳಿಯಲ್ಲಿ ಇದು ಜಾಸ್ತಿ ಯಾಕೆ? ಚಳಿ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಮ್ಮಿ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಂ ಹತ್ತಿರ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಅದೇ ಗಾಳಿ 17 ಗ್ರಾಂಗೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ತಂದು ಹೀಟರಿನಿಂದ ಬಿಸಿ ಮಾಡಿದರೆ ನೀರು ಅಷ್ಟೇ ಇರುತ್ತದೆ, ಹಿಡಿಯುವ ಶಕ್ತಿ ಮಾತ್ರ ಹೆಚ್ಚಾಗುತ್ತದೆ. ಹೊರಗೆ ಪೂರ್ತಿ ತೇವ ತುಂಬಿದ್ದ ಗಾಳಿಯೂ ಒಳಗೆ ಬಂದು ಬೆಚ್ಚಗಾದ ಮೇಲೆ ಶೇಕಡ 30ಕ್ಕಿಂತ ಕೆಳಗೆ ಬಂದಿರುತ್ತದೆ. ಆ ಗಾಳಿ ಬಟ್ಟೆ, ತುಟಿ, ಹಿಮ್ಮಡಿ, ಮರದ ಮೇಜು ಎಲ್ಲದರಿಂದಲೂ ನೀರು ಎಳೆದುಕೊಳ್ಳುತ್ತದೆ. ಎ.ಸಿ. ಕೋಣೆಯಲ್ಲೂ ಹೀಗೆ ಆಗುತ್ತದೆ, ಕಾರಣ ಬೇರೆ. ಎ.ಸಿ. ಗಾಳಿಯಲ್ಲಿರುವ ನೀರನ್ನೇ ಹನಿಯಾಗಿಸಿ ಹೊರಗೆ ಹಾಕುತ್ತದೆ. ಇಡೀ ದಿನ ಅಂಥ ಕೋಣೆಯಲ್ಲಿ ಕೂರುವವರಿಗೆ ಬೇಸಿಗೆಯಲ್ಲೂ ಬಟ್ಟೆ ಅಂಟಬಹುದು.

ಬಟ್ಟೆ ಗಿರಣಿಗಳಿಗೆ ಈ ವಿಷಯ ಮೊದಲಿನಿಂದಲೂ ಗೊತ್ತು. ನೂಲು ಒಣಗಿದರೆ ಎಳೆಗಳು ಒಂದನ್ನೊಂದು ದೂಡುತ್ತವೆ, ಯಂತ್ರಕ್ಕೆ ಮೆತ್ತಿಕೊಳ್ಳುತ್ತವೆ, ತುಂಡಾಗುತ್ತವೆ. ಅದಕ್ಕಾಗಿ ನೂಲುವ, ನೇಯುವ ಶೆಡ್ಡುಗಳಲ್ಲಿ ಗಾಳಿಗೆ ನೀರಾವಿ ಬಿಡುತ್ತಾರೆ. ನನ್ನ ಹೊಲಿಗೆ ಕೋಣೆಯಲ್ಲಿ ನಡೆಯುವುದೂ ಇದೇ, ಸಣ್ಣ ಪ್ರಮಾಣದಲ್ಲಿ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಆರ್ಗಾಂಜಾ ಕತ್ತರಿಸಲು ಕೂತರೆ ಚೂರುಗಳೆಲ್ಲ ಕತ್ತರಿಗೆ ಅಂಟುತ್ತವೆ. ದಾರದ ತುದಿ ಬೆರಳಿಗೆ ಸುತ್ತಿಕೊಂಡು ಸೂಜಿಯ ಕಣ್ಣಿಗೆ ಹೋಗುವುದೇ ಇಲ್ಲ. ಅಳತೆಗೆ ಕತ್ತರಿಸಿಟ್ಟ ತೆಳು ಕಾಗದ ಬಟ್ಟೆಯ ಮೇಲೆ ಸರಿದಾಡದೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಅಂಥ ಬಟ್ಟೆಯ ಮೇಲೆ ಒಂದು ಸಲ ಸ್ಟೀಮ್ ಇಸ್ತ್ರಿ ಆಡಿಸಿದರೆ ಸಾಕು, ತೆಪ್ಪಗೆ ಮೇಜಿನ ಮೇಲೆ ಮಲಗುತ್ತದೆ. ಕತ್ತರಿಸುವ ಮುಂಚೆ ಇದನ್ನು ತಪ್ಪದೇ ಮಾಡುತ್ತೇನೆ.

ಯಾವ ಬಟ್ಟೆಗೆ ಯಾವ ಬಟ್ಟೆ ಜೊತೆ ಅನ್ನುವುದಕ್ಕೆ ಬರೋಣ. ಇದರ ಬಗ್ಗೆ ಜನ ಯೋಚನೆ ಮಾಡುವುದು ಕಮ್ಮಿ, ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮಾತ್ರ ಇದೇ. ತಿಕ್ಕಿದಾಗ ಯಾವುದು ಪಾಸಿಟಿವ್ ಆಗುತ್ತದೆ, ಯಾವುದು ನೆಗೆಟಿವ್ ಆಗುತ್ತದೆ ಅಂತ ವಸ್ತುಗಳನ್ನು ಸಾಲಾಗಿ ಬರೆದಿಟ್ಟಿದ್ದಾರೆ. ಅಂಥ ಪಟ್ಟಿಯನ್ನು ಮೊದಲು ಪ್ರಕಟಿಸಿದವರು ಯೋಹಾನ್ ಕಾರ್ಲ್ ವಿಲ್ಕೆ ಅನ್ನುವ ವಿಜ್ಞಾನಿ, 1757ರಲ್ಲಿ. ಈಗಿನ ಪಟ್ಟಿಗಳಲ್ಲಿ ಕೂದಲು, ನೈಲಾನ್, ಉಣ್ಣೆ ಪಾಸಿಟಿವ್ ಕಡೆಗೆ ಇರುತ್ತವೆ. ಹತ್ತಿ ನಡುವೆ. ಪಾಲಿಯೆಸ್ಟರ್ ನೆಗೆಟಿವ್ ಕಡೆಗೆ, ಪಿವಿಸಿ ಇನ್ನೂ ಆಚೆ. ಸಾಲಿನಲ್ಲಿ ದೂರ ದೂರ ಇರುವ ಎರಡು ವಸ್ತು ತಿಕ್ಕಿದರೆ ಚಾರ್ಜ್ ಜಾಸ್ತಿ ಹುಟ್ಟುತ್ತದೆ. ಪ್ರಯೋಗದಿಂದ ಪ್ರಯೋಗಕ್ಕೆ ಸಾಲು ಸ್ವಲ್ಪ ಹಿಂದೆ ಮುಂದೆ ಆಗುವುದುಂಟು. ಮೇಲಿನ ಬಣ್ಣ, ಪಾಲಿಶ್ ಕೂಡ ಲೆಕ್ಕಕ್ಕೆ ಬರುತ್ತದೆ. ಸಿಮ್ಮರ್ ಅವರ ಎರಡೂ ಕಾಲುಚೀಲ ರೇಷ್ಮೆಯವೇ ಆಗಿದ್ದವು, ಬಣ್ಣ ಮಾತ್ರ ಬೇರೆ.

ಈಗ ನಾವು ಹಾಕುವ ಬಟ್ಟೆ ನೋಡಿ. ನೈಲಾನ್ ಕಾಲುಚೀಲದ ಮೇಲೆ ಪಾಲಿಯೆಸ್ಟರ್ ಲೈನಿಂಗ್ ಇರುವ ಲಂಗ. ಉಣ್ಣೆ ಸ್ವೆಟರ್ ಒಳಗೆ ಪಾಲಿಯೆಸ್ಟರ್ ಶರ್ಟು. ಅಕ್ರಿಲಿಕ್ ಸ್ವೆಟರ್ ಹಾಕಿ ಅದರ ಮೇಲೆ ನೈಲಾನ್ ಜಾಕೆಟ್. ಎಲ್ಲವೂ ಒಂದಕ್ಕೊಂದು ದೂರದ ಜೋಡಿಗಳೇ. ಹೆಜ್ಜೆ ಹೆಜ್ಜೆಗೂ ಚಾರ್ಜ್ ಹುಟ್ಟಿಸುತ್ತಾ ನಡೆಯುತ್ತೇವೆ. ನಡುವೆ ಒಂದು ಹತ್ತಿಯ ಪದರ ಹಾಕಿ ನೋಡಿ, ಎಷ್ಟೋ ತಗ್ಗುತ್ತದೆ. ಸ್ವೆಟರ್ ಒಳಗೆ ಹತ್ತಿ ಬನಿಯನ್. ಜಾರ್ಜೆಟ್, ಕ್ರೇಪ್, ಶಿಫಾನ್ ಕೆಳಗೆ ಹತ್ತಿಯ ಒಳಲಂಗ. ಸ್ಯಾಟಿನ್ ಒಳಲಂಗ ನುಣುಪಾಗಿ ಚೆಂದ ಕಾಣುತ್ತದೆ, ನಿಜ. ಅದು ಪಾಲಿಯೆಸ್ಟರ್ ಸ್ಯಾಟಿನ್ ಆದರೆ ಒಣ ಹವೆಯ ದಿನ ಅದನ್ನು ಮುಟ್ಟಲೇಬೇಡಿ ಅನ್ನುತ್ತೇನೆ ನಾನು.

ಲೈನಿಂಗಿಗೆ ಹತ್ತಿ ಹಾಕಿದರೆ ಇನ್ನೊಂದು ತಾಪತ್ರಯ ಇದೆ. ಚಾರ್ಜಿನಿಂದ ಅಂಟುವುದಿಲ್ಲ, ಆದರೆ ಹತ್ತಿಯ ಮೈ ಸ್ವಲ್ಪ ಒರಟು. ಬಿಗಿ ಲೆಗ್ಗಿಂಗ್ಸ್ ಮೇಲೆ ನಡೆಯುವಾಗ ಹಿಡಿದುಕೊಂಡು ಮೇಲೇರುತ್ತದೆ. ಲೈನಿಂಗಿಗೆ ನನ್ನ ಮೊದಲ ಆಯ್ಕೆ ವಿಸ್ಕೋಸ್, ಸಿಕ್ಕಿದರೆ ಕ್ಯುಪ್ರೋ. ಇವೆರಡೂ ಕಾರ್ಖಾನೆಯಲ್ಲಿ ತಯಾರಾದರೂ ಮರ ಅಥವಾ ಹತ್ತಿಯ ಸೆಲ್ಯುಲೋಸಿನಿಂದ ಬಂದವು. ಹತ್ತಿಗಿಂತಲೂ ಜಾಸ್ತಿ ನೀರು ಹಿಡಿಯುತ್ತವೆ, ಮೇಲಾಗಿ ನುಣುಪು. ಕೋಟಿನ ತೋಳಿನ ಒಳಗೆ ಕೈ ಸರಾಗವಾಗಿ ಜಾರುತ್ತದೆ, ಚಟಗುಟ್ಟುವುದಿಲ್ಲ. ಒಗೆದಾಗ ಸ್ವಲ್ಪ ಕುಗ್ಗುವುದರಿಂದ ಹೊಲಿಯುವ ಮುಂಚೆ ನೆನೆಸಿ ಒಣಗಿಸಿಕೊಳ್ಳಬೇಕು. ರೆಡಿಮೇಡ್ ಬಟ್ಟೆಗಳಲ್ಲಿ ಮೇಲಿನದು ರೇಷ್ಮೆ, ಉಣ್ಣೆ ಅಂತ ದೊಡ್ಡದಾಗಿ ಬರೆದು, ಒಳಗೆ ಪಾಲಿಯೆಸ್ಟರ್ ಲೈನಿಂಗ್ ಹಾಕಿರುತ್ತಾರೆ. ಲೇಬಲ್ಲಿನಲ್ಲಿ ಲೈನಿಂಗಿನ ಸಾಲನ್ನೂ ಓದಿ. ಮೈಗೆ ತಾಗುವುದು ಅದೇ ತಾನೇ.

ಒಗೆಯುವ ವಿಷಯ. ಡ್ರೈಯರ್ ಬಳಸುವವರಿಗೆ ಇದರ ಕಾಟ ಎಲ್ಲರಿಗಿಂತ ಜಾಸ್ತಿ. ಬಿಸಿ ಒಣ ಗಾಳಿಯಲ್ಲಿ ಹತ್ತು ಜಾತಿಯ ಬಟ್ಟೆ ಒಂದರ ಮೇಲೊಂದು ಉರುಳಾಡುತ್ತವೆ. ಚಾರ್ಜ್ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಯಂತ್ರ ಬೇಕಿಲ್ಲ. ಪೂರ್ತಿ ಒಣಗಿದ ಮೇಲೂ ಉರುಳುತ್ತಾ ಇದ್ದರೆ ಆ ಕೊನೆಯ ಹೊತ್ತಿನಲ್ಲೇ ಕೇಡು ಆಗುವುದು. ಹಾಗಾಗಿ ಸ್ವಲ್ಪ ಪಸೆ ಇರುವಾಗಲೇ ತೆಗೆದು ಕೊಡವಿ ಹ್ಯಾಂಗರಿಗೆ ಹಾಕಿ. ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳಿಗೆ ಡ್ರೈಯರ್ ಬೇಕಾಗುವುದೇ ಇಲ್ಲ, ಅವು ನೀರು ಹಿಡಿಯುವುದಿಲ್ಲವಲ್ಲ, ಹಗ್ಗದ ಮೇಲೆ ಬೇಗ ಒಣಗುತ್ತವೆ. ಅವನ್ನು ಹತ್ತಿಯ ಜೊತೆ ಹಾಕಬೇಡಿ. ಹತ್ತಿ ಒಣಗುವ ತನಕ ಪಾಪ ಅವು ಸುಮ್ನೆ ಬಿಸಿಯಲ್ಲಿ ಉರುಳುತ್ತಾ ಇರುತ್ತವೆ. ಡ್ರೈಯರಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಹಾಕಿ ಅನ್ನುವ ಸಲಹೆ ಇದೆ. ನನಗೆ ಅದರಿಂದ ದೊಡ್ಡ ಫರಕು ಕಾಣಲಿಲ್ಲ.

ಫ್ಯಾಬ್ರಿಕ್ ಕಂಡೀಷನರ್ ಕೆಲಸ ಮಾಡುತ್ತದೆ. ಅದರಲ್ಲಿರುವ ಅಣುಗಳಿಗೆ ಒಂದು ತುದಿಯಲ್ಲಿ ಪಾಸಿಟಿವ್ ಚಾರ್ಜ್ ಇದೆ, ಇನ್ನೊಂದು ತುದಿ ಎಣ್ಣೆಯಂಥ ಉದ್ದನೆಯ ಬಾಲ. ಒದ್ದೆ ಬಟ್ಟೆಯ ಮೈ ಸ್ವಲ್ಪ ನೆಗೆಟಿವ್ ಇರುವುದರಿಂದ ಪಾಸಿಟಿವ್ ತುದಿ ಅಲ್ಲಿ ಹಿಡಿದುಕೊಳ್ಳುತ್ತದೆ. ನೂಲಿನ ಮೇಲೆ ತೆಳುವಾದ ಒಂದು ಪದರ ಆಗುತ್ತದೆ. ತಿಕ್ಕಾಟ ಕಮ್ಮಿ ಆಗುತ್ತದೆ, ಗಾಳಿಯ ತೇವವೂ ಒಂದಿಷ್ಟು ಅಲ್ಲಿ ನಿಲ್ಲುತ್ತದೆ. ಡ್ರೈಯರ್ ಶೀಟುಗಳಲ್ಲೂ ಇಂಥದ್ದೇ ವಸ್ತು ಇರುತ್ತದೆ, ಬಿಸಿಗೆ ಕರಗಿ ಬಟ್ಟೆಗೆ ಹತ್ತುತ್ತದೆ. ಕಂಡೀಷನರನ್ನು ಕೊನೆಯ ಜಾಲಿಸುವ ನೀರಿಗೇ ಹಾಕಬೇಕು. ಸೋಪಿನ ಪುಡಿಯ ಜೊತೆಗೆ ಹಾಕಿದರೆ ಎರಡೂ ಒಂದಕ್ಕೊಂದು ಸೇರಿಕೊಂಡು ಎರಡೂ ವ್ಯರ್ಥ.

ಆದರೂ ಎಲ್ಲದಕ್ಕೂ ಹಾಕಬೇಡಿ. ಟವೆಲ್ಲಿಗೆ ಹಾಕಿದರೆ ಆ ಎಣ್ಣೆ ಪದರ ನೀರು ಹೀರುವುದನ್ನೇ ತಗ್ಗಿಸುತ್ತದೆ. ಬೆವರು ಎಳೆದುಕೊಳ್ಳಲೆಂದು ಮಾಡಿದ ಆಟದ ಬಟ್ಟೆಗಳಿಗೂ ಅದೇ ಗತಿ. ಬೆಂಕಿ ಬೇಗ ಹತ್ತದ ಹಾಗೆ ತಯಾರಿಸಿದ ಮಕ್ಕಳ ರಾತ್ರಿ ಉಡುಪಿಗೆ ಖಂಡಿತ ಬೇಡ, ಆ ಗುಣವೇ ಕುಂದುತ್ತದೆ. ಪರಿಮಳ ಆಗದವರು, ಚರ್ಮ ಸೂಕ್ಷ್ಮ ಇರುವವರು ವಾಸನೆ ಇಲ್ಲದ್ದನ್ನು ಹುಡುಕಿ. ಬದಲಿಗೆ ವಿನೆಗರ್ ಹಾಕುವವರೂ ಇದ್ದಾರೆ. ಜಾಲಿಸುವಾಗ ಸ್ವಲ್ಪ ಬಿಳಿ ವಿನೆಗರ್ ಹಾಕಿದರೆ ಉಳಿದ ಸೋಪು ಹೋಗಿ ಹತ್ತಿ ಬಟ್ಟೆ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಅಂಟುವುದನ್ನು ಅದು ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ. ಹಾಕುವುದಾದರೆ ಕ್ಲೋರಿನ್ ಬ್ಲೀಚ್ ಜೊತೆಗೆ ಯಾವತ್ತೂ ಹಾಕಬಾರದು. ಎರಡೂ ಸೇರಿದರೆ ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಹೊರಡುವ ಹೊತ್ತಿಗೆ ಅಂಟಿಕೊಂಡರೆ ಏನು ಮಾಡುವುದು? ಎಲ್ಲಕ್ಕಿಂತ ಬೇಗ ಆಗುವುದು ಒದ್ದೆ ಕೈ. ಅಂಗೈ ಒದ್ದೆ ಮಾಡಿ, ಹನಿ ಬೀಳದ ಹಾಗೆ ಕೊಡವಿ, ಬಟ್ಟೆಯ ಒಳಮೈ ಮೇಲೆ ಸವರಬೇಕು. ಹೊರಮೈ ಮೇಲೆ ಸವರಿದರೆ ಕಲೆ ಕಾಣುತ್ತದೆ, ಅಂಟುವ ಕಡೆಗೆ ಅಷ್ಟು ಉಪಯೋಗವೂ ಇಲ್ಲ. ನನ್ನ ಅಮ್ಮ ತಮ್ಮ ಉಣ್ಣೆ ಶಾಲಿಗೆ ಇದನ್ನೇ ಮಾಡುತ್ತಿದ್ದರು, ಯಾವ ಪುಸ್ತಕವನ್ನೂ ಓದದೆ. ಇದರ ತೊಂದರೆ ಒಂದೇ. ನೀರು ಆರಿದ ಮೇಲೆ ಮತ್ತೆ ಶುರು. ಜಾಸ್ತಿ ಹೊತ್ತು ತಡೆಯಬೇಕಾದರೆ ಕೂದಲಿಗೆ ಹಚ್ಚುವ ಕಂಡೀಷನರನ್ನು ಒಂದೆರಡು ಹನಿ ನೀರಿಗೆ ಹಾಕಿ, ಚೆನ್ನಾಗಿ ಕಲಕಿ, ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಇರುವುದೂ ಬಟ್ಟೆಯ ಕಂಡೀಷನರಿನಂಥದ್ದೇ ಪಾಸಿಟಿವ್ ತುದಿಯ ಅಣುಗಳು. ಲೈನಿಂಗಿನ ಒಳಗಡೆಗೆ ದೂರದಿಂದ ತೆಳ್ಳಗೆ ಹೊಡೆದು ಒಣಗಲು ಬಿಡಿ. ರೇಷ್ಮೆಗೆ ಬೇಡ, ನೀರಿನ ಕಲೆ ಉಳಿಯುತ್ತದೆ. ಬೇರೆ ಬಟ್ಟೆಗೂ ಮೊದಲು ಒಳಗಿನ ಒಂದು ಮೂಲೆಯಲ್ಲಿ ನೋಡಿಕೊಳ್ಳಿ.

ಕಾಲಿಗೆ ಲೋಷನ್ ಹಚ್ಚುವುದು ಇನ್ನೊಂದು. ನನಗೆ ಇದು ಬಟ್ಟೆಗೆ ಮಾಡುವ ಎಲ್ಲ ಉಪಚಾರಕ್ಕಿಂತ ಚೆನ್ನಾಗಿ ಹಿಡಿಸಿದೆ. ಒಣಗಿ ಬಿಳಿಚಿದ ಚರ್ಮದ ಮೇಲೆ ಚಾರ್ಜ್ ಸುಲಭವಾಗಿ ಹರಿಯುವುದಿಲ್ಲ. ತೇವ ಇರುವ ಚರ್ಮದ ಮೇಲೆ ಹರಿಯುತ್ತದೆ. ಸ್ನಾನ ಆದ ಕೂಡಲೇ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಚ್ಚಿ, ಚರ್ಮ ಎಳೆದುಕೊಂಡ ಮೇಲೆ ಬಟ್ಟೆ ಹಾಕಿಕೊಳ್ಳಿ. ಕಾಲಿಗೂ ಒಳ್ಳೆಯದು, ಬಟ್ಟೆಗೂ ಒಳ್ಳೆಯದು.

ಲೋಹದ ಉಪಾಯಗಳೂ ಇವೆ. ತಂತಿಯ ಹ್ಯಾಂಗರನ್ನು ಬಟ್ಟೆಗೂ ಮೈಗೂ ನಡುವೆ ಮೇಲಿಂದ ಕೆಳಗೆ ಆಡಿಸಿದರೆ ಬಟ್ಟೆಯ ಚಾರ್ಜ್ ಲೋಹಕ್ಕೆ, ಲೋಹದಿಂದ ನಮ್ಮ ಕೈಗೆ ಹೋಗುತ್ತದೆ. ಪ್ಲಾಸ್ಟಿಕ್ ಲೇಪ ಇರುವ ಹ್ಯಾಂಗರ್ ಆದರೆ ಪ್ರಯೋಜನ ಇಲ್ಲ, ಬರಿ ಲೋಹವೇ ಆಗಬೇಕು. ಸೇಫ್ಟಿ ಪಿನ್ ಚುಚ್ಚುವ ಉಪಾಯ ಕೇಳಿರುತ್ತೀರಿ. ಇಷ್ಟು ಸಣ್ಣ ಪಿನ್ನು ಏನು ಮಾಡೀತು ಅನ್ನಿಸುವುದು ಸಹಜ. ಚೂಪಾದ ಲೋಹದ ತುದಿಗೆ ಒಂದು ವಿಶೇಷ ಗುಣ ಇದೆ. ಅಲ್ಲಿ ವಿದ್ಯುತ್ತಿನ ಬಲ ಒಂದೇ ಬಿಂದುವಿನಲ್ಲಿ ಒತ್ತಾಗಿ ಸೇರುತ್ತದೆ, ಸುತ್ತಲ ಗಾಳಿಯ ಮೂಲಕ ಚಾರ್ಜ್ ಮೆಲ್ಲಗೆ ಸೋರಿ ಹೋಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1747ರಲ್ಲೇ ಚೂಪು ತುದಿಗಳ ಈ ಗುಣದ ಬಗ್ಗೆ ಪತ್ರ ಬರೆದಿದ್ದರು. ವಿಮಾನದ ರೆಕ್ಕೆಯ ಹಿಂಬದಿಯಲ್ಲಿ ಸಣ್ಣ ಕಡ್ಡಿಗಳ ಹಾಗೆ ಕಾಣುವುವು ಮಾಡುವುದೂ ಇದೇ ಕೆಲಸವನ್ನು, ಹಾರುವಾಗ ವಿಮಾನದ ಮೈಮೇಲೆ ಸೇರುವ ಚಾರ್ಜನ್ನು ಹೊರಗೆ ಬಿಡುತ್ತವೆ. ಪಿನ್ನಿನಿಂದ ಬಟ್ಟೆ ಪೂರ್ತಿ ಸರಿ ಹೋಗುತ್ತದೆ ಅಂತ ಹೇಳುವುದಿಲ್ಲ. ಅದು ತನ್ನ ಹತ್ತಿರದ ಭಾಗಕ್ಕಷ್ಟೇ ಒದಗುತ್ತದೆ. ಅಂಚಿನ ಹತ್ತಿರ, ಬದಿಯ ಹೊಲಿಗೆಯ ಒಳಗಡೆ, ಮಡಚಿದ ದಪ್ಪ ಭಾಗಕ್ಕೆ ಚುಚ್ಚಿ. ತೆಳು ಬಟ್ಟೆಯ ನಡುವೆ ಚುಚ್ಚಿದರೆ ತೂತು ಉಳಿಯುತ್ತದೆ.

ಕೋಣೆಗೆ ತೇವ ಕೊಡುವುದು ಎಲ್ಲಕ್ಕಿಂತ ಬೇರಿನ ಪರಿಹಾರ. ಹ್ಯುಮಿಡಿಫೈಯರ್ ಇದ್ದರೆ ಶೇಕಡ 40ರಿಂದ 50ರ ನಡುವೆ ಇಟ್ಟುಕೊಳ್ಳಿ. 60 ದಾಟಿದರೆ ಗೋಡೆಗೆ ಬೂಷ್ಟು, ಹಾಸಿಗೆಗೆ ಧೂಳಿನ ಹುಳು. ಯಂತ್ರ ಇಲ್ಲದಿದ್ದರೆ ಒಗೆದ ಬಟ್ಟೆಯನ್ನು ರಾತ್ರಿ ಕೋಣೆಯೊಳಗೇ ಹರಡಿ. ತಟ್ಟೆಯಲ್ಲಿ ನೀರಿಡುವುದಕ್ಕಿಂತ ಇದು ಎಷ್ಟೋ ಮೇಲು, ಒದ್ದೆ ಬಟ್ಟೆಯ ಮೈ ವಿಸ್ತಾರ ಜಾಸ್ತಿ ಇರುವುದರಿಂದ ನೀರು ಬೇಗ ಆವಿಯಾಗುತ್ತದೆ.

ಶಾಕ್ ಬಗ್ಗೆ ಎರಡು ಮಾತು. ನಮಗೆ ಅದು ತಿಳಿಯಬೇಕಾದರೆ ಮೈಮೇಲೆ ಸುಮಾರು 3000 ವೋಲ್ಟ್ ಆದರೂ ಸೇರಿರಬೇಕು. ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಬೇಕಾಗುವುದೂ ಹೆಚ್ಚುಕಮ್ಮಿ ಅಷ್ಟೇ. ಒಣ ಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದರೆ ಹತ್ತಾರು ಸಾವಿರ ವೋಲ್ಟ್ ಆಗುವುದುಂಟು. ಕೇಳಿ ಹೆದರಬೇಡಿ. ವೋಲ್ಟ್ ದೊಡ್ಡದಾದರೂ ಹರಿಯುವ ಚಾರ್ಜ್ ತೀರಾ ಸಣ್ಣದು, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿದು ಹೋಗುತ್ತದೆ. ನೋವು ಕಮ್ಮಿ ಆಗಬೇಕಾದರೆ ಬರಿ ಬೆರಳಿನಿಂದ ಮುಟ್ಟುವ ಬದಲು ಕೈಯಲ್ಲಿರುವ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದು ಅದರ ತುದಿಯನ್ನು ಲೋಹಕ್ಕೆ ತಾಗಿಸಿ. ಕಿಡಿ ಬೀಗದ ಕೈಗೆ ಹಾರುತ್ತದೆ, ಚರ್ಮಕ್ಕೆ ಚುಚ್ಚುವುದಿಲ್ಲ. ಕಾರಿನಿಂದ ಇಳಿಯುವಾಗ ಸೀಟು ಬಿಡುವ ಮುಂಚೆಯೇ ಬಾಗಿಲ ಲೋಹದ ಭಾಗ ಹಿಡಿದುಕೊಂಡು ಇಳಿದರೆ ಶಾಕ್ ಇರುವುದಿಲ್ಲ. ಸೀಟಿನಿಂದ ಬಟ್ಟೆ ಬೇರೆಯಾಗುವಾಗಲೇ ಚಾರ್ಜ್ ಸೇರುವುದು, ಆ ಹೊತ್ತಿಗೆ ಹರಿದು ಹೋಗಲು ದಾರಿ ಇರಲಿ.

ಒಂದು ಕಡೆ ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಪೆಟ್ರೋಲ್ ತುಂಬುವ ಜಾಗದಲ್ಲಿ. ಪೆಟ್ರೋಲಿನ ಆವಿಗೆ ಬೆಂಕಿ ಹತ್ತಲು ಒಂದು ಮಿಲಿಜೌಲ್‌ಗಿಂತಲೂ ಕಮ್ಮಿ ಶಕ್ತಿಯ ಕಿಡಿ ಸಾಕು. ನಮ್ಮ ಬೆರಳಿನಿಂದ ಹಾರುವ ಕಿಡಿಯಲ್ಲಿ ಅದಕ್ಕಿಂತ ಜಾಸ್ತಿ ಇರಬಹುದು. ನೀವೇ ತುಂಬುವುದಾದರೆ ನಳಿಕೆ ಮುಟ್ಟುವ ಮುಂಚೆ ಟ್ಯಾಂಕಿನ ಬಾಯಿಯಿಂದ ದೂರದಲ್ಲಿ ಕಾರಿನ ಲೋಹ ಮುಟ್ಟಿ. ತುಂಬುತ್ತಿರುವಾಗ ಮತ್ತೆ ಒಳಗೆ ಹೋಗಿ ಕೂತು ಬರಬೇಡಿ. ಚಳಿ ಅಂತ ಒಳಗೆ ಹೋಗಿ ಕೂರುವ ಅಭ್ಯಾಸ ತುಂಬಾ ಜನರಿಗಿದೆ, ದಯವಿಟ್ಟು ಬಿಡಿ.

ಇನ್ನು ಬಟ್ಟೆ ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಹೇಳಿಬಿಡುತ್ತೇನೆ. ಬಟ್ಟೆಯನ್ನು ನಾನು ಹಾಕಿಕೊಂಡಿರುವ ಬಟ್ಟೆಯ ತೋಳಿಗೆ ಚೆನ್ನಾಗಿ ಉಜ್ಜುತ್ತೇನೆ. ಬಿಲ್ಲಿನ ಕಾಗದದಿಂದ ಅಕ್ಕಿಕಾಳಿನಷ್ಟು ಚೂರುಗಳನ್ನು ಹರಿದು ಅದರ ಹತ್ತಿರ ಹಿಡಿಯುತ್ತೇನೆ. ಚೂರು ಹಾರಿ ಅಂಟಿದರೆ ಆ ಬಟ್ಟೆಗೆ ಹತ್ತಿಯ ಇಲ್ಲವೇ ವಿಸ್ಕೋಸಿನ ಒಳಪದರ ಬೇಕೇ ಬೇಕು ಅಂತ ಲೆಕ್ಕ. ಕಪ್ಪು ಬಟ್ಟೆಯಾದರೆ ಇನ್ನೂ ಯೋಚಿಸುತ್ತೇನೆ, ಚಾರ್ಜ್ ಇರುವ ಬಟ್ಟೆ ಧೂಳು, ಕೂದಲು ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಎರಡು ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಉಜ್ಜಿ ಬೇರೆ ಮಾಡಿಯೂ ನೋಡಬಹುದು. ಬಿಡಲು ಒಲ್ಲೆ ಅಂದರೆ ಅವೆರಡನ್ನೂ ಒಟ್ಟಿಗೆ ಹಾಕುವ ಹಾಗಿಲ್ಲ. ಈ ಪರೀಕ್ಷೆಯನ್ನು ಹವೆ ಒಣಗಿರುವ ದಿನವೇ ಮಾಡಿ, ಮಳೆ ಬರುವ ದಿನ ಮಾಡಿದರೆ ಯಾವ ಬಟ್ಟೆಯೂ ತನ್ನ ಗುಣ ತೋರಿಸುವುದಿಲ್ಲ.